ಬಂದೂಕು ಇಳಿಸಿದ ಕೈಗೆ ಬಣ್ಣ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸಭೆಯಲ್ಲಿ ನಿವೃತ್ತ ಸೈನಿಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಹಕಾರಿ ಸಂಘದ ಬೆಳ್ಳಿಹಬ್ಬದಲ್ಲಿ ಸಾಲ, ಬೀಜ, ಗೊಬ್ಬರ, ತೊಗರಿ, ಹತ್ತಿ ಇವುಗಳ ಬಗ್ಗೆ ಮಾತನಾಡುವುದು ರೂಢಿ. ಆ ವಿಷಯ ಬಲ್ಲವರು ನನಗಿಂತ ಮೊದಲೇ ಚೆನ್ನಾಗಿ ಮಾತನಾಡಿದ್ದಾರೆ. ಅಧ್ಯಕ್ಷರು ನನಗೆ ಬೇರೆ ಕೆಲಸ ಒಪ್ಪಿಸಿದರು. "ನೀವು ಹದಿನೇಳು ವರ್ಷ ಫೌಜಿನಾಗ ಇದ್ದವರು. ಬಂದ ಮ್ಯಾಲ ಭಜನಿ, ಹಂತಿ ಪದ ಅಂತ ತಿರುಗ್ಯಾಡವರು. ಫೌಜಿನವರಿಗೂ ಕಲೆಗೂ ಏನು ನಂಟು ಅದ, ಅದರಿಂದ ಊರಿಗೆ ಏನು ಉಪಯೋಗ ಅದ, ಅದನ್ನ ಹೇಳ್ರಿ" ಅಂದರು. ನಾನು ಪಂಡಿತನಲ್ಲ. ಕಂಡದ್ದನ್ನು, ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಮಾತು. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅದರ ಹಿಂದಿದ್ದ ವಿಚಾರ ಬಹಳ ಸರಳ. ಒಬ್ಬನ ಬೆನ್ನು ಮುರಿಯುವ ಹೊರೆಯನ್ನು ಹತ್ತು ಮಂದಿ ಹೊತ್ತರೆ ಯಾರ ಬೆನ್ನೂ ಮುರಿಯುವುದಿಲ್ಲ. ಸಾಲದ ಹೊರೆಗೆ ಈ ಮಾತು ನಿಜವೆಂದು ನಮ್ಮ ಸಂಘ ಇಪ್ಪತ್ತೈದು ವರ್ಷ ತೋರಿಸಿಕೊಟ್ಟಿದೆ. ಹಾಗಾದರೆ ಮನಸ್ಸಿನ ಹೊರೆಗೆ ಯಾಕೆ ನಿಜವಾಗಬಾರದು? ನಾನು ಇವತ್ತು ಕೇಳುವ ಪ್ರಶ್ನೆ ಇದೊಂದೇ.

ಸೈನಿಕ ನಿವೃತ್ತನಾಗಿ ಊರಿಗೆ ಬರುವ ದಿನವನ್ನು ನೀವೆಲ್ಲ ನೋಡಿದ್ದೀರಿ. ಯಾದಗಿರಿ ಸ್ಟೇಷನ್ನಿನಲ್ಲಿ ಹಾರ, ತೆರೆದ ಜೀಪಿನಲ್ಲಿ ಮೆರವಣಿಗೆ, ಮುಂದೆ ಹಲಗಿ, ಡೊಳ್ಳು. ಅಗಸಿಯಲ್ಲಿ ಆರತಿ, ಶಾಲೆಯಲ್ಲಿ ಸತ್ಕಾರ. ಇದೆಲ್ಲ ಒಂದು ದಿನದ್ದು. ಮರುದಿನ ಬೆಳಗಿನ ನಾಲ್ಕಕ್ಕೆ ಎಚ್ಚರಾಗುತ್ತದೆ, ಆದರೆ ಎದ್ದು ಹೋಗಲು ಪರೇಡ್ ಇಲ್ಲ. ವಯಸ್ಸು ಇನ್ನೂ ಮೂವತ್ತೆಂಟೋ ನಲವತ್ತೋ. ಮೈಯಲ್ಲಿ ಬಲ ಇದೆ, ಕೈಯಲ್ಲಿ ಕೆಲಸ ಇಲ್ಲ. ಎಲ್ಲರೂ ಹೀಗೆ ಕಷ್ಟಪಡುತ್ತಾರೆಂದು ನಾನು ಹೇಳುವುದಿಲ್ಲ. ಬಹಳ ಮಂದಿ ಹೊಲ, ಅಂಗಡಿ, ಬ್ಯಾಂಕಿನ ಕಾವಲು ಅಂತ ಚೆನ್ನಾಗಿ ನೆಲೆ ನಿಲ್ಲುತ್ತಾರೆ. ಆದರೆ ಕೆಲವರು ಬೇರೆಯೇ ಒಂದು ಸಾಮಾನು ಹೊತ್ತುಕೊಂಡು ಬಂದಿರುತ್ತಾರೆ. ಅದು ಟ್ರಂಕಿನಲ್ಲಿ ಕಾಣುವುದಿಲ್ಲ.

ಅಂಥವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಮದುವೆಯಲ್ಲಿ ಪಟಾಕಿ ಹೊಡೆದರೆ ಮೈ ಬೆವರುತ್ತದೆ. ಸಂತೆಯ ಗದ್ದಲದಲ್ಲಿ ನಿಲ್ಲಲಾಗುವುದಿಲ್ಲ. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಹಚ್ಚಿ, ಬಾಗಿಲ ಕಡೆ ಮುಖ ಮಾಡಿ ಕೂಡುತ್ತಾನೆ. ಸಣ್ಣ ಮಾತಿಗೆ ಮಕ್ಕಳ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ತಾನೇ ಮೂಲೆಯಲ್ಲಿ ಕುಂತು ಮರುಗುತ್ತಾನೆ. ಊರವರು ಏನಂತಾರೆ? "ಮಿಲ್ಟ್ರಿಗೆ ಹೋಗಿ ಬಂದು ದಿಮಾಕು ಬಂದಾದ" ಅಂತಾರೆ. "ಗಾಳಿ ಸೋಕ್ಯಾದ, ದರ್ಗಾಕ್ಕ ಕರ್ಕೊಂಡು ಹೋಗ್ರಿ" ಅಂತಾರೆ. ಕಡೆಗೆ "ಕುಡ್ಯಾಕತ್ತಾನ" ಅಂದು ಕೈ ಬಿಡುತ್ತಾರೆ. ಯಾಕೆ ಕುಡಿಯುತ್ತಾನೆ ಎಂದು ಕೇಳುವವಳು ಹೆಂಡತಿ ಒಬ್ಬಳೇ. ಅವಳಿಗೂ ಉತ್ತರ ಸಿಗುವುದಿಲ್ಲ.

ಇದು ಹೇಡಿತನವಲ್ಲ, ಸೊಕ್ಕೂ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ಶೆಲ್ ಶಾಕ್ ಎಂದು ಕರೆದರು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡು ಕಂಡ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ಒಂದು ರೋಗವೆಂದು ಒಪ್ಪಿ, ಪಿ.ಟಿ.ಎಸ್.ಡಿ. ಎಂಬ ಹೆಸರಿನಿಂದ ತನ್ನ ಪಟ್ಟಿಯಲ್ಲಿ ಸೇರಿಸಿತು. ಆಘಾತ ಕಳೆದ ಮೇಲೂ ಮೈಮನಸ್ಸು ಅದನ್ನೇ ಮತ್ತೆ ಮತ್ತೆ ಅನುಭವಿಸುವ ಬೇನೆ ಇದು. ಹೆಸರು ಈಚಿನದು, ಬೇನೆ ಮಾತ್ರ ಯುದ್ಧದಷ್ಟೇ ಹಳೆಯದು. ಹಾಗಾದರೆ ಯುದ್ಧ ಕಂಡ ನಮ್ಮ ಹಿರಿಯರು ಇದಕ್ಕೆ ಏನು ಮಾಡುತ್ತಿದ್ದರು?

ನಮ್ಮ ಊರುಗಳಲ್ಲಿ ಹನುಮಪ್ಪನ ಗುಡಿಯ ಪಕ್ಕ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳನ್ನು ನೋಡಿದ್ದೀರಿ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಪಟ್ಟಿ ಇರುತ್ತವೆ. ಕೆಳಗಿನದರಲ್ಲಿ ಕಾಳಗ, ಇಲ್ಲವೆ ತುರು ಕಾಯುವ ಹೋರಾಟ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕುಂತಿರುವುದು. ತುದಿಗೆ ಸೂರ್ಯ ಚಂದ್ರ. ಈ ಕಲ್ಲನ್ನು ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಅಂದರೆ ರಕ್ತದಿಂದ ಶುರುವಾಗಿ ಶಾಂತಿಗೆ ಮುಟ್ಟುವುದು. ಕಲ್ಲುಕುಟಿಗ ಕಾಳಗವನ್ನು ಮುಚ್ಚಿಡಲಿಲ್ಲ, ಅಲ್ಲಿಗೇ ನಿಲ್ಲಿಸಲೂ ಇಲ್ಲ. ಸತ್ತವನ ಮನೆಯವರ ದುಃಖವನ್ನು ಊರ ನಡುವೆ ನಿಲ್ಲಿಸಿ, "ಇದು ನಿಮ್ಮೊಬ್ಬರದಲ್ಲ, ಎಲ್ಲರದು" ಎಂದು ಹೇಳಿದ.

ಕಲ್ಲು ಸತ್ತವನಿಗೆ. ಬದುಕಿ ಬಂದವನಿಗೆ ಏನು? ಅವನಿಗೆ ಹಾಡು ಇತ್ತು. 1857ರಲ್ಲಿ ಮುಧೋಳದ ಕಡೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಇಂಗ್ಲಿಷರೊಡನೆ ಹೋರಾಡಿದರು. ಊರು ಸುಟ್ಟು ಹೋಯಿತು. ಆ ಕಥೆ ಲಾವಣಿಯಾಗಿ ಬಾಯಿಂದ ಬಾಯಿಗೆ ಹೋಯಿತು. ವಿಚಿತ್ರವೆಂದರೆ ಅದನ್ನು ಬರೆಸಿಕೊಂಡು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ. ಗೆದ್ದವರ ಕಡೆಯವನ ಕಿವಿಗೂ ಸೋತವರ ಹಾಡು ಮುಟ್ಟಿತು.

ಮೊಹರಂ ಹಬ್ಬವನ್ನೇ ನೋಡಿರಿ. ಕರ್ಬಲಾದ ಕಾಳಗ ನಡೆದದ್ದು ಕ್ರಿ.ಶ. 680ರಲ್ಲಿ, ಇರಾಕಿನ ನೆಲದಲ್ಲಿ. ಆ ದುಃಖವನ್ನು ನಮ್ಮ ಕಡೆ ರಿವಾಯತ ಪದಗಳಲ್ಲಿ, ಅಚ್ಚ ಕನ್ನಡದಲ್ಲಿ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುತ್ತಾರೆ. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಮುಸಲ್ಮಾನರ ಮನೆ ಒಂದೂ ಇಲ್ಲದ ಊರುಗಳಲ್ಲೂ ಅಲಾಯಿ ದೇವರು ಕೂಡುತ್ತವೆ. ರಣದಲ್ಲಿ ನೀರಿಲ್ಲದೆ ಸತ್ತವರನ್ನು ನೆನೆದು ನಮ್ಮ ಹೆಣ್ಣುಮಕ್ಕಳು ಕಣ್ಣೀರು ಹಾಕುತ್ತಾರೆ. ಅಂದರೆ ಯುದ್ಧದ ಅಳುವನ್ನು ಹತ್ತು ಮಂದಿ ಕೂಡಿ, ತಾಳಕ್ಕೆ ಹೊಂದಿಸಿ, ಹೆಜ್ಜೆಗೆ ಹೊಂದಿಸಿ ಹೊರಹಾಕುವ ರೀತಿ ನಮಗೆ ಗೊತ್ತಿದೆ. ಕಡಕೋಳ ಮಡಿವಾಳಪ್ಪನವರ ಕಾಲದಿಂದ ಏಕತಾರಿ ಹಿಡಿದು ತತ್ತ್ವಪದ ಹಾಡುವವರು ಬೇಗುದಿಯನ್ನು ಹಾಡಿ ಹಗುರ ಮಾಡಿಕೊಳ್ಳುವುದನ್ನೂ ನಾವು ಕಂಡಿದ್ದೇವೆ. ಇದನ್ನು ನಾವು ಹೊರಗಿನಿಂದ ತರಿಸಬೇಕಾಗಿಲ್ಲ. ಹಗೇವಿನಲ್ಲಿ ಕಾಳು ಇದ್ದ ಹಾಗೆ ಇದೆ, ತೆಗೆದು ಬಳಸಬೇಕು.

ಇನ್ನು ನಮ್ಮ ಸುರಪುರದ ಮಾತು. ಸುರಪುರ ಎಂದರೆ ಶೌರ್ಯದ ಊರೆಂದು ಎಲ್ಲರೂ ಹೇಳುತ್ತಾರೆ. 1705ರಲ್ಲಿ ವಾಗಿನಗೇರಿ ಕೋಟೆಯ ಮುಂದೆ ಸ್ವತಃ ಔರಂಗಜೇಬ ಬಂದು ಕೂಡಬೇಕಾಯಿತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ವಿರುದ್ಧ ನಿಂತರು. ಇದು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಅದೇ ಸುರಪುರ ಬಣ್ಣದ ಊರೂ ಹೌದು ಎನ್ನುವುದನ್ನು ಮರೆಯುತ್ತೇವೆ. ನಾಯಕರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಚಿತ್ರಗಾರರು ಬೆಳೆದರು. ಚಿನ್ನದ ಲೇಪ, ಸಣ್ಣ ಕುಂಚದ ಕೆಲಸ, ದೇವಾನುದೇವತೆಗಳು, ದರ್ಬಾರು. ಸುರಪುರ ಶೈಲಿ ಎಂದು ಕಲಾವಿದರು ಇವತ್ತಿಗೂ ಅದಕ್ಕೆ ಬೇರೆ ಹೆಸರಿಟ್ಟು ಮಾತನಾಡುತ್ತಾರೆ. ಕತ್ತಿ ಹಿಡಿಯುವವರೂ ಕುಂಚ ಹಿಡಿಯುವವರೂ ಒಂದೇ ಬೆಟ್ಟದ ನೆರಳಲ್ಲಿ ಬಾಳಿದ ಊರು ಅದು.

ಕತ್ತಿ ಮತ್ತು ಕುಂಚ ಎರಡನ್ನೂ ಹಿಡಿದವನೊಬ್ಬ ಅದೇ ಊರಿಗೆ ಬಂದ. ಅವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಹುಟ್ಟಿದವನು, ಹುಡುಗನಿದ್ದಾಗಲೇ 1824ರಲ್ಲಿ ಹಿಂದೂಸ್ಥಾನಕ್ಕೆ ಬಂದು ನಿಜಾಮನ ಫೌಜು ಸೇರಿದ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ. ಬೆಟ್ಟದ ಮೇಲೆ ಅವನು ಕಟ್ಟಿಸಿದ ಬಂಗಲೆಗೆ ಟೇಲರ್ ಮಂಜಿಲ್ ಎಂದೇ ಹೆಸರು. ಇವನು ಬಂದೂಕು ಬಲ್ಲ ಅಧಿಕಾರಿ ಮಾತ್ರ ಅಲ್ಲ, ಚಿತ್ರ ಬರೆಯುವವನೂ ಆಗಿದ್ದ. ದಕ್ಖನ್ನಿನಲ್ಲಿ ಅವನು ಬರೆದ ಚಿತ್ರಗಳ ಪುಸ್ತಕ 1837ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಕಲ್ಲುಸಾಲುಗಳು, ರಾಜನಕೋಳೂರಿನ ಕಲ್ಮನೆಗಳು, ಇವುಗಳನ್ನು ನೋಡಿ ಬರೆದು ಹೊರಗಿನ ವಿದ್ವಾಂಸರಿಗೆ ತಿಳಿಸಿದವನೂ ಅವನೇ. ನಾವು ಎಮ್ಮೆ ಕಟ್ಟುತ್ತಿದ್ದ ಕಲ್ಲುಗಳು ಸಾವಿರಾರು ವರ್ಷ ಹಳೆಯವೆಂದು ಅದರಿಂದ ಜಗತ್ತಿಗೆ ಗೊತ್ತಾಯಿತು.

ಅವನನ್ನು ನಾನು ದೇವರು ಮಾಡುವುದಿಲ್ಲ. ಅವನು ಆಳಲು ಬಂದವರ ಕಡೆಯವನು. ಬಾಲಕ ವೆಂಕಟಪ್ಪ ನಾಯಕರನ್ನು ಅವನು ಸಾಕಿ ಓದಿಸಿದ, ಅವರು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದರು. ಅದೇ ರಾಜರು 1858ರಲ್ಲಿ ಸೆರೆಯಾದರು. ಟೇಲರ್ ಅವರನ್ನು ಸೆರೆಮನೆಯಲ್ಲಿ ಕಂಡು ಬಂದ. ಆ ವರ್ಷವೇ ರಾಜರು ತೀರಿಕೊಂಡರು. ಅವನು 1876ರಲ್ಲಿ ಸತ್ತ ಮರುವರ್ಷ ಹೊರಬಂದ ಅವನ ಆತ್ಮಕಥೆಯಲ್ಲಿ ಈ ಸಂಗತಿ ಇದೆ. ಇಷ್ಟು ವರ್ಷ ಕಳೆದ ಮೇಲೂ ಒಬ್ಬ ಮುದಿ ಸೈನಿಕ ಅದನ್ನು ಬರೆದೇ ಇಟ್ಟ ಎನ್ನುವುದು ನನಗೆ ಮುಖ್ಯ. ಯಾರ ಕಡೆಯವನಾದರೂ ಆಗಲಿ, ಸೈನಿಕನ ಎದೆಯಲ್ಲಿ ಕುಂತದ್ದು ಒಂದಲ್ಲ ಒಂದು ದಾರಿ ಹುಡುಕುತ್ತದೆ. ಬರಹದಲ್ಲಿ, ಚಿತ್ರದಲ್ಲಿ, ಹಾಡಿನಲ್ಲಿ ದಾರಿ ಸಿಗದಿದ್ದರೆ ಬಾಟಲಿಯಲ್ಲಿ ಹುಡುಕುತ್ತದೆ.

ಇದನ್ನು ಆಸ್ಪತ್ರೆಯವರು ಕಂಡುಕೊಂಡದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರ ಕ್ರೇಗ್‌ಲಾಕ್‌ಹಾರ್ಟ್ ಎಂಬ ಆಸ್ಪತ್ರೆ. ಶೆಲ್ ಶಾಕ್ ಆದ ಅಧಿಕಾರಿಗಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಅಲ್ಲಿ ಆರ್ಥರ್ ಬ್ರಾಕ್ ಎಂಬ ವೈದ್ಯರಿದ್ದರು. ಸುಮ್ಮನೆ ಹಾಸಿಗೆಯಲ್ಲಿ ಮಲಗಿಸಿದರೆ ಗುಣವಾಗುವುದಿಲ್ಲ, ಕೈಗೆ ಕೆಲಸ ಬೇಕು, ಸುತ್ತಲ ಜನರ ಜೊತೆ ಬಳಕೆ ಬೇಕು ಎನ್ನುವುದು ಅವರ ನಂಬಿಕೆ. 1917ರಲ್ಲಿ ವಿಲ್ಫ್ರೆಡ್ ಓವೆನ್ ಎಂಬ ತರುಣ ಅಧಿಕಾರಿ ಅವರ ಕೈಗೆ ಬಂದ. ಬ್ರಾಕ್ ಅವನಿಗೆ ಬರೆಯಲು ಹಚ್ಚಿದರು. ಅವನು ಆಸ್ಪತ್ರೆಯ ಪತ್ರಿಕೆಯ ಸಂಪಾದಕನಾದ, ಊರ ಶಾಲೆಗೆ ಹೋಗಿ ಹುಡುಗರಿಗೆ ಪಾಠ ಹೇಳಿದ. ಇವತ್ತು ಇಂಗ್ಲಿಷಿನ ದೊಡ್ಡ ಯುದ್ಧಕವಿ ಎಂದು ಅವನ ಹೆಸರು ಹೇಳುತ್ತಾರೆ. ಆದರೆ ಗುಣವಾದನೆಂದು ಅವನನ್ನು ಮತ್ತೆ ರಣರಂಗಕ್ಕೆ ಕಳಿಸಿದರು. ಯುದ್ಧ ಮುಗಿಯಲು ಒಂದು ವಾರ ಇರುವಾಗ, 1918ರ ನವೆಂಬರ್ 4ರಂದು, ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವನು ಮಡಿದ. ಕಲೆ ಮನಸ್ಸನ್ನು ಎತ್ತಿ ನಿಲ್ಲಿಸಬಲ್ಲದು, ಗುಂಡನ್ನು ತಡೆಯಲಾರದು. ಎರಡನ್ನೂ ನೆನಪಿಡಬೇಕು.

ಅದೇ ಯುದ್ಧದಲ್ಲಿ ಏಡ್ರಿಯನ್ ಹಿಲ್ ಎಂಬ ಇನ್ನೊಬ್ಬ ಸೈನಿಕನಿದ್ದ. ರಣರಂಗದ ಚಿತ್ರ ಬರೆದವನು. 1938ರಲ್ಲಿ ಕ್ಷಯ ಬಂದು ಆಸ್ಪತ್ರೆ ಸೇರಿದ. ಹಾಸಿಗೆಯಲ್ಲೇ ಕುಂತು ಎದುರಿಗೆ ಕಂಡ ಸಾಮಾನುಗಳ ಚಿತ್ರ ಬರೆಯತೊಡಗಿದ. ಮನಸ್ಸು ತಿಳಿಯಾಗುವುದು ಅವನ ಅನುಭವಕ್ಕೆ ಬಂತು. ಪಕ್ಕದ ಹಾಸಿಗೆಯವರಿಗೂ, ಎರಡನೆಯ ಮಹಾಯುದ್ಧದಿಂದ ಗಾಯಗೊಂಡು ಬಂದ ಸಿಪಾಯಿಗಳಿಗೂ ಪೆನ್ಸಿಲ್ ಕೊಟ್ಟ. 1942ರಲ್ಲಿ ಇದಕ್ಕೆ ಆರ್ಟ್ ಥೆರಪಿ, ಅಂದರೆ ಕಲಾಚಿಕಿತ್ಸೆ, ಎಂದು ಹೆಸರಿಟ್ಟವನು ಅವನೇ. 1945ರಲ್ಲಿ ಅದರ ಮೇಲೆ ಪುಸ್ತಕ ಬರೆದ. ಇವತ್ತು ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಕಲಾಚಿಕಿತ್ಸೆಗೆ ಬೇರೆ ವಿಭಾಗವೇ ಇದೆ. ಅದರ ಬೇರು ಮಾತ್ರ ಒಬ್ಬ ಮಾಜಿ ಸೈನಿಕನ ಹಾಸಿಗೆಯ ಪಕ್ಕದಲ್ಲಿದೆ.

ಅಷ್ಟು ದೂರ ಹೋಗುವುದು ಬೇಡ ಅಂದರೆ ಪುಣೆಯ ಖಡಕಿಗೆ ಹೋಗಿರಿ. ಅಂಗವಿಕಲರಾದ ಸೈನಿಕರಿಗೆ ಕೈಕಸುಬು ಕಲಿಸಲು 1917ರಲ್ಲಿ ಶುರುವಾದ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಅಲ್ಲಿದೆ. ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾರದವರಿಗಾಗಿ 1974ರಲ್ಲಿ ಸ್ಥಾಪನೆಯಾದ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರವೂ ಅಲ್ಲಿದೆ. ಕೈ ಕಾಲು ಎರಡೂ ಆಡದಂಥವರು ಅಲ್ಲಿ ಹಲ್ಲಿನಲ್ಲಿ ಕುಂಚ ಕಚ್ಚಿ ಹಿಡಿದು ಚಿತ್ರ ಬರೆದಿದ್ದಾರೆ. ನಮ್ಮ ಎರಡು ಕೈ ನೆಟ್ಟಗಿದ್ದೂ "ನಮಗೇನು ಬರ್ತದ್ರಿ" ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಅಮೆರಿಕದ ವರ್ಮಾಂಟ್ ಎಂಬಲ್ಲಿ 2007ರಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು. ಇರಾಕ್ ಯುದ್ಧದಿಂದ ಮರಳಿದ ಡ್ರೂ ಕ್ಯಾಮರನ್ ಎಂಬವರು ಮತ್ತು ಅವರ ಸಂಗಡಿಗರು ತಮ್ಮ ಹಳೆಯ ಸಮವಸ್ತ್ರ ಕತ್ತರಿಸಿ, ಅರೆದು, ಕಾಗದ ಮಾಡಿದರು. ಆ ಕಾಗದದ ಮೇಲೆ ಚಿತ್ರ, ಕವಿತೆ ಅಚ್ಚು ಹಾಕಿದರು. ಊರೂರಿಗೆ ಹೋಗಿ ಬೇರೆ ಮಾಜಿ ಸೈನಿಕರಿಗೂ ಸಾಮಾನ್ಯ ಜನರಿಗೂ ಕಲಿಸಿದರು. ಇದನ್ನು ಓದಿದಾಗ ನನಗೆ ನಮ್ಮ ತಾಯಂದಿರ ಕೌದಿ ನೆನಪಾಯಿತು. ಹರಿದ ಸೀರೆ, ಧೋತರ, ಮಕ್ಕಳ ಅಂಗಿ, ಯಾವುದನ್ನೂ ಚೆಲ್ಲದೆ ತುಂಡು ತುಂಡು ಜೋಡಿಸಿ ಚಳಿಗೆ ಹೊದಿಕೆ ಮಾಡುತ್ತಾರೆ. ಮನಸ್ಸಿಗೂ ಅಂಥ ಹೊಲಿಗೆ ಬೇಕು.

ಈಗ ನಮ್ಮ ಕಡೆಯದೇ ಒಂದು ಸಂಗತಿ ಹೇಳುತ್ತೇನೆ. ಹೆಸರು, ಊರು ಬೇಡ. ನನ್ನ ಹಾಗೆ ಫೌಜಿನಿಂದ ಬಂದ ಒಬ್ಬರು. ಮೂರು ವರ್ಷ ಬರ್ಫಿನ ಗುಡ್ಡದಲ್ಲಿ ಕಾವಲಿದ್ದು ಬಂದವರು. ಊರಿಗೆ ಬಂದ ಮೇಲೆ ಆ ಗುಡ್ಡದ ಬಗ್ಗೆ ಒಂದು ಮಾತು ಆಡಿರಲಿಲ್ಲ. ಮನೆಯವರು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಅವರಿಗೆ ಮೊದಲಿನಿಂದ ಬಣ್ಣದ ಕೈ ಇತ್ತು. ಜಾತ್ರೆಗೆ ನಾಟಕ ಆಡುವ ಹುಡುಗರು ಹರಿದ ಹಳೆಯ ಪರದೆ ಹೊತ್ತು ತಂದು, "ಕಾಕಾ, ಕಾಡಿನ ಪರದೆ ಮಾಸ್ಯಾದ, ಸ್ವಲ್ಪ ಬಣ್ಣ ಹಚ್ಚಿಕೊಡ್ರಿ" ಅಂದರು. ಇವರು ಏನೂ ಅನ್ನದೆ ಕೆಲಸಕ್ಕೆ ಕುಂತರು. ನಾಲ್ಕು ದಿನದ ಮೇಲೆ ನೋಡಿದರೆ ಗಿಡಮರಗಳ ಹಿಂದೆ ಒಂದು ಬಿಳಿ ಗುಡ್ಡ ಎದ್ದು ನಿಂತಿದೆ. ನಾಟಕದ ಮಾಸ್ತರು ತಲೆ ಕೆರೆದುಕೊಂಡರು. "ಇದು ಶಕುಂತಲಾ ನಾಟಕದ ಕಾಡ್ರಿ, ಇದರಾಗ ಬರ್ಫು ಹ್ಯಾಂಗ?" ಅಂದರು. ದೊಡ್ಡವರು ನಕ್ಕರು. ಒಬ್ಬ ಸಣ್ಣ ಹುಡುಗ ಮಾತ್ರ ನಗಲಿಲ್ಲ. "ಕಾಕಾ, ಈ ಗುಡ್ಡದ ಮ್ಯಾಲ ನೀ ಇದ್ದೇನು? ನಿನ್ನ ಜೊತೀಗಿ ಯಾರಿದ್ರು?" ಅಂದ. ಅವರು ಕುಂಚ ಕೆಳಗಿಡಲಿಲ್ಲ. ಬಣ್ಣ ಹಚ್ಚುತ್ತಲೇ ಎರಡು ಹೆಸರು ಹೇಳಿದರು. ಒಬ್ಬ ತಮಿಳು ಹುಡುಗ, ಒಬ್ಬ ಪಹಾಡಿ. ಇಬ್ಬರೂ ಕೆಳಗೆ ಇಳಿದು ಬಂದಿರಲಿಲ್ಲ. ನೀರು ಕೊಡಲು ಬಂದ ಹೆಂಡತಿ ಬಾಗಿಲಲ್ಲೇ ನಿಂತು ಆ ಹೆಸರುಗಳನ್ನು ಮೊದಲ ಸಲ ಕೇಳಿದಳು.

ಅವತ್ತೇ ಎಲ್ಲ ಸರಿಯಾಯಿತು ಎಂದು ನಾನು ಹೇಳಿದರೆ ಸುಳ್ಳಾದೀತು. ಅವರು ವೈದ್ಯರ ಹತ್ತಿರವೂ ಹೋದರು, ಗುಳಿಗೆಯನ್ನೂ ತೆಗೆದುಕೊಂಡರು, ನಡುವೆ ಎರಡು ಸಲ ಮತ್ತೆ ಕುಡಿದರು. ಆದರೆ ಬಾಯಿ ಬಿಟ್ಟದ್ದು ಅವತ್ತು. ಈಗ ಪ್ರತಿ ಜಾತ್ರೆಗೆ ಆ ಪರದೆ ಕಟ್ಟುತ್ತಾರೆ. ಶಕುಂತಲೆಯ ಕಾಡಿನ ಹಿಂದೆ ಬರ್ಫಿನ ಗುಡ್ಡ ಇದ್ದೇ ಇರುತ್ತದೆ. ಯಾರೂ ನಗುವುದಿಲ್ಲ.

ಇದರಿಂದ ಏನು ತಿಳಿಯುತ್ತದೆ? ಒಂದು, ಕೈ ಕೆಲಸದಲ್ಲಿದ್ದಾಗ ಬಾಯಿಗೆ ಬಿಗಿ ಕಡಿಮೆ. ಎದುರಿಗೆ ಕೂಡಿಸಿಕೊಂಡು "ಹೇಳಪಾ" ಅಂದರೆ ಬಾರದ ಮಾತು, ಬಣ್ಣ ಹಚ್ಚುವಾಗ, ದಮ್ಮಡಿ ಬಾರಿಸುವಾಗ ತಾನೇ ಬರುತ್ತದೆ. ಎರಡು, ತಲೆಯೊಳಗಿದ್ದದ್ದು ಪರದೆಯ ಮೇಲೆ ಬಂದರೆ ಅದನ್ನು ದೂರದಿಂದ ನೋಡಬಹುದು. ಒಳಗಿದ್ದಾಗ ಅದು ನಮ್ಮನ್ನು ಆಳುತ್ತದೆ, ಹೊರಗೆ ಬಂದಾಗ ಅದಕ್ಕೆ ಒಂದು ಅಂಚು, ಒಂದು ಚೌಕಟ್ಟು ಸಿಗುತ್ತದೆ. ಮೂರು, ಭಜನೆಯಲ್ಲಿ, ಹೆಜ್ಜೆ ಮೇಳದಲ್ಲಿ ಉಸಿರು ಹತ್ತು ಮಂದಿಯ ಉಸಿರಿನ ಜೊತೆ ನಡೆಯುತ್ತದೆ. ಪರೇಡಿನಲ್ಲಿ ಕೂಡಿ ಹೆಜ್ಜೆ ಹಾಕಿದವನಿಗೆ ಈ ಕೂಡುವಿಕೆ ಬಹಳ ಹಿತ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಪರದೆ ಊರಿನ ಕೆಲಸಕ್ಕೆ ಬಂತು. ಅವರನ್ನು ರೋಗಿ ಎಂದು ಯಾರೂ ಕರೆಯಲಿಲ್ಲ, "ಕಾಕಾ ನಮಗೆ ಬೇಕು" ಎಂದು ಕರೆದರು. ಸೈನಿಕನಿಗೆ ಕನಿಕರ ಬೇಡ, ಕೆಲಸ ಬೇಕು.

ಇಷ್ಟು ಹೇಳಿದ ಮೇಲೆ ಎಚ್ಚರದ ಮಾತೂ ಹೇಳಬೇಕು. ಚಿತ್ರ, ಹಾಡು ಇವು ವೈದ್ಯರ ಬದಲಿಗೆ ಅಲ್ಲ, ವೈದ್ಯರ ಜೊತೆಗೆ. ನಿದ್ದೆ ಪೂರ್ತಿ ಹೋಗಿದ್ದರೆ, ಕುಡಿತ ಕೈ ಮೀರಿದ್ದರೆ, "ಬದುಕು ಬ್ಯಾಡಾಗ್ಯಾದ" ಎಂಬ ಮಾತು ಬಂದರೆ ಒಂದು ದಿನವೂ ತಡಮಾಡದೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯೂ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಈ ಸಂಖ್ಯೆಯನ್ನು ಸಂಘದ ಹಲಗೆಯ ಮೇಲೆ ಗೊಬ್ಬರದ ದರದ ಪಕ್ಕದಲ್ಲೇ ಬರೆಸಿರಿ.

ಇನ್ನೊಂದು ಎಚ್ಚರ ಊರವರಿಗೆ. "ಎಷ್ಟು ಮಂದಿನ್ನ ಹೊಡದಿ?" ಎಂದು ದಯವಿಟ್ಟು ಕೇಳಬೇಡಿರಿ. ಅದು ನಿಮಗೆ ಸಿನಿಮಾ, ಅವನಿಗೆ ಸಿನಿಮಾ ಅಲ್ಲ. ಆಗಸ್ಟ್ 15ಕ್ಕೆ ವೇದಿಕೆಯ ಮೇಲೆ ನಿಲ್ಲಿಸಿ ಅಳಿಸುವುದೂ ಬೇಡ. ಬರೆದ ಚಿತ್ರ ತೋರಿಸುವುದು ಬಿಡುವುದು ಅವನ ಇಷ್ಟ. ಫೌಜಿನ ಗುಟ್ಟು ಹೊರಗೆ ಬಂದೀತೆಂಬ ಅಂಜಿಕೆ ಕೆಲವರಿಗೆ ಇರುತ್ತದೆ. ಗುಟ್ಟು ಗುಟ್ಟಾಗಿಯೇ ಇರಲಿ. ಆದರೆ ಬರ್ಫಿನ ಬಣ್ಣ ಗುಟ್ಟಲ್ಲ, ಸತ್ತ ಗೆಳೆಯನ ಹೆಸರು ಗುಟ್ಟಲ್ಲ.

ಕೊನೆಯದಾಗಿ ನಮ್ಮ ಸಂಘ ಏನು ಮಾಡಬಹುದು ಎಂಬ ವಿಚಾರ. ನಾನು ದೊಡ್ಡ ಯೋಜನೆ ಕೇಳುವುದಿಲ್ಲ. ವಾರಕ್ಕೆ ಒಂದು ಸಂಜೆ ಗೋದಾಮಿನ ಮುಂದಿನ ಕೋಣೆ ಬಿಟ್ಟುಕೊಡಿರಿ. ಒಂದು ಚಾಪೆ, ಡ್ರಾಯಿಂಗ್ ಶೀಟು, ಬಣ್ಣದ ಡಬ್ಬಿ, ಎರಡು ದಮ್ಮಡಿ, ಒಂದು ಏಕತಾರಿ, ಚಹಾ. ಒಂದು ಚೀಲ ಗೊಬ್ಬರದ ಲೆಕ್ಕಕ್ಕಿಂತ ಬಹಳ ಹೆಚ್ಚಾಗುವುದಿಲ್ಲ. ಲಾಭದ ಹಂಚಿಕೆಯಲ್ಲಿ ಸಾಮಾನ್ಯ ಹಿತ ನಿಧಿ ಎಂಬ ಬಾಬ್ತು ಇರುತ್ತದೆ. ಸರ್ವಸಾಧಾರಣ ಸಭೆಯಲ್ಲಿ ಇಟ್ಟು ಒಪ್ಪಿಗೆ ಪಡೆಯಬಹುದು. ಬರುವವರು ಬರಲಿ, ಬಾರದವರನ್ನು ಎಳೆದು ತರುವುದು ಬೇಡ. ಬಂದು ಸುಮ್ಮನೆ ಕುಂತು ಚಹಾ ಕುಡಿದು ಹೋದರೂ ಸರಿ.

ಎರಡನೆಯದು, ವೀರಗಲ್ಲುಗಳ ಕೆಲಸ. ನಮ್ಮ ಸುತ್ತಲಿನ ಊರುಗಳಲ್ಲಿ ಎಷ್ಟೋ ವೀರಗಲ್ಲುಗಳು ಚರಂಡಿಯ ಪಕ್ಕ ಬಿದ್ದಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಮಾಜಿ ಸೈನಿಕರು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಅವುಗಳನ್ನು ತೊಳೆಯಲಿ, ಚಿತ್ರ ಬರೆಯಲಿ, ಯಾವ ಊರು, ಯಾವ ಜಾಗ ಎಂದು ಪಟ್ಟಿ ಮಾಡಲಿ. ಕಲ್ಲನ್ನು ಕೀಳುವುದು, ಬಣ್ಣ ಬಳಿಯುವುದು ಬೇಡ, ಇದ್ದಲ್ಲೇ ನೋಡಿ ಬರೆದರೆ ಸಾಕು. ಸೈನಿಕನಿಗೆ ನಕ್ಷೆ ಓದುವುದು ಗೊತ್ತು, ಸಾಲು ಹಿಡಿಸುವುದು ಗೊತ್ತು, ಹೇಳಿದ ಹೊತ್ತಿಗೆ ಬರುವುದು ಗೊತ್ತು. ಮಕ್ಕಳಿಗೆ ಇತಿಹಾಸ ಸಿಕ್ಕೀತು, ಊರಿಗೆ ಅದರ ಹಳೆಯ ವೀರರು ಸಿಕ್ಕಾರು, ಈಗಿನ ವೀರನಿಗೆ ಒಂದು ಕೆಲಸ ಸಿಕ್ಕೀತು.

ಮೂರನೆಯದು ತಾಯಂದಿರಿಗೆ. ಸೈನಿಕನ ಹೆಂಡತಿ ಹತ್ತು ಹದಿ­ನೈದು ವರ್ಷ ಒಬ್ಬಳೇ ಮನೆ ನಡೆಸಿರುತ್ತಾಳೆ. ರಾತ್ರಿ ಬಾಗಿಲು ತಟ್ಟಿದರೆ ಅವಳ ಎದೆಯೂ ಹೊಡೆದುಕೊಂಡಿರುತ್ತದೆ. ಗಂಡನನ್ನು ಕಳೆದುಕೊಂಡವರೂ ನಮ್ಮ ನಡುವೆ ಇದ್ದಾರೆ. ಅವರ ಬಗ್ಗೆ ಯಾವ ಆಸ್ಪತ್ರೆಯೂ ಕೇಳುವುದಿಲ್ಲ. ಅದೇ ಕೋಣೆಯಲ್ಲಿ ಇನ್ನೊಂದು ದಿನ ಅವರು ಕೂಡಿ ಕೌದಿ ಹೊಲಿಯಲಿ. ಹಳೆಯ ಸಮವಸ್ತ್ರದ ತುಂಡೂ ಅದರಲ್ಲಿ ಇರಲಿ. ಹೊಲಿಯುವಾಗ ಹೆಣ್ಣುಮಕ್ಕಳು ಏನು ಮಾತಾಡುತ್ತಾರೆ, ಏನು ಹಾಡುತ್ತಾರೆ ಎನ್ನುವುದನ್ನು ನಾನು ಹೇಳಬೇಕಾಗಿಲ್ಲ. ಹೊಲಿದ ಕೌದಿಯನ್ನು ಸಂಘವೇ ಮಾರಿಕೊಟ್ಟರೆ ಅವರ ಕೈಗೆ ನಾಲ್ಕು ಕಾಸೂ ಬಂದೀತು.

ಮಹನೀಯರೇ, ಸಂಘದ ಖಾತೆ ಪುಸ್ತಕದಲ್ಲಿ ಯಾರು ಎಷ್ಟು ತೆಗೆದುಕೊಂಡರು, ಎಷ್ಟು ಬಾಕಿ ಉಳಿಯಿತು ಎಂಬುದು ಕಾಣುತ್ತದೆ. ಗಡಿಯಲ್ಲಿ ನಿಂತವನ ಹತ್ತಿರ ನಾವು ಏನು ತೆಗೆದುಕೊಂಡಿದ್ದೇವೆ ಎಂಬುದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಅವನ ನಿದ್ದೆ ತೆಗೆದುಕೊಂಡಿದ್ದೇವೆ. ಆ ಸಾಲವನ್ನು ಪೂರ್ತಿ ತೀರಿಸಲು ನಮ್ಮಿಂದ ಆಗದು. ವಾರಕ್ಕೆ ಒಂದು ಸಂಜೆಯ ಕಂತಿನಂತೆ ಕಟ್ಟುತ್ತ ಹೋಗಬಹುದು. ಕಂತು ಕಟ್ಟುವುದನ್ನು ನಮ್ಮ ಸಂಘಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

  ಸಂಘ ಇನ್ನೂ ಇಪ್ಪತ್ತೈದು ವರ್ಷ ಬೆಳೆದು ಬಂಗಾರದ ಹಬ್ಬ ಕಾಣಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ. ನಮಸ್ಕಾರ. ಜೈ ಹಿಂದ್, ಜೈ ಕರ್ನಾಟಕ.